ಕಾರಂಜಾ ಹಿನ್ನೀರಿನಲ್ಲಿ ವಸಂತದ ವಲಸೆ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯಕ್ಕೆ ನಾನು ಹಕ್ಕಿ ನೋಡಲು ಹೋಗುತ್ತೇನೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ನೆಂಟರು, ನೆರೆಯವರು, ಶಾಲೆಯ ಮಾಸ್ತರರು, ಕೊನೆಗೆ ಕಿರಾಣಿ ಅಂಗಡಿಯವರೂ ಪ್ರಶ್ನೆ ಕೇಳತೊಡಗಿದ್ದಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಚಳಿಗಾಲದ ಹಕ್ಕಿಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಇದು ಶಿವರಾತ್ರಿಯಿಂದ ಬಸವ ಜಯಂತಿಯವರೆಗಿನ ಸುಮಾರು ಎರಡು ತಿಂಗಳ ಮಾತು.

ವಸಂತದಲ್ಲಿ ವಲಸೆ ಹಕ್ಕಿಗಳು ಬರುತ್ತವೆಯೇ?

ಬರುವುದಿಲ್ಲ, ಹೊರಡುತ್ತವೆ. ಯುರೋಪಿನವರು ಬರೆದ ಪುಸ್ತಕ ಓದಿ, ಟಿವಿಯಲ್ಲಿ ನೋಡಿ, ವಸಂತವೆಂದರೆ ಹಕ್ಕಿಗಳು ಮರಳಿ ಬರುವ ಕಾಲ ಎಂದು ನಾವೂ ನಂಬಿಕೊಂಡಿದ್ದೇವೆ. ಅವು ಮರಳಿ ಹೋಗುವುದು ಅವರ ಊರಿಗೆ. ಹೊರಡುವುದು ನಮ್ಮ ಊರಿನಿಂದ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬಂದಿಳಿದು, ಎಳ್ಳಮಾವಾಸ್ಯೆಯ ಚಳಿಯನ್ನು ನಮ್ಮ ಜೊತೆ ಕಳೆದ ಹಕ್ಕಿಗಳು ಯುಗಾದಿಯ ಆಸುಪಾಸಿನಲ್ಲಿ ಗಂಟುಮೂಟೆ ಕಟ್ಟುತ್ತವೆ. ಕವಿಗಳ ವಸಂತದಲ್ಲಿ ಮಾವು ಚಿಗುರಿ ಕೋಗಿಲೆ ಕೂಗುತ್ತದೆ. ಬೀದರ್, ಕಲಬುರಗಿಯ ವಸಂತದಲ್ಲಿ ಅದೆಲ್ಲ ಇದ್ದರೂ ಬೆಳಗಿನ ಹತ್ತು ಗಂಟೆಗೆ ನೆತ್ತಿ ಸುಡುತ್ತದೆ.

ಹೋಗುವ ಹಕ್ಕಿಯನ್ನು ನೋಡುವುದರಲ್ಲಿ ಏನಿದೆ?

ಮೊದಲು ಬಣ್ಣದ ಮಾತು. ಅಕ್ಟೋಬರ್‌ನಲ್ಲಿ ಬಂದ ಗಂಡು ಬಾತುಗಳನ್ನು ನೋಡಿ ಗುರುತು ಹಿಡಿಯಲಾರದೆ ಬೇಸತ್ತವರು ನಾನೊಬ್ಬನೇ ಅಲ್ಲ. ಸಂತಾನದ ಕಾಲ ಮುಗಿದ ಮೇಲೆ ಗಂಡುಗಳು ಗರಿ ಉದುರಿಸಿ ಹೆಣ್ಣಿನಂತೆಯೇ ಮಾಸಲು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಎಲ್ಲವೂ ಒಂದೇ ಗೋಣಿಚೀಲದಿಂದ ತೆಗೆದಂತೆ ಕಾಣುತ್ತವೆ. ಫೆಬ್ರುವರಿ ಹೊತ್ತಿಗೆ ಅದೇ ಹಕ್ಕಿಗಳು ಹೊಸ ಗರಿ ತೊಟ್ಟು ಮದುವೆ ಗಂಡಿನಂತೆ ನಿಂತಿರುತ್ತವೆ. ಚಲುಕದ ಬಾತಿನ ಹಸಿರು ತಲೆ, ಬಿಳಿಹುಬ್ಬಿನ ಬಾತಿನ ಕಣ್ಣ ಮೇಲಿನ ಬಿಳಿ ಗೀರು, ಸೂಜಿಬಾಲದ ಬಾತಿನ ಬಿಳಿ ಕೊರಳು, ಒಂದನ್ನೂ ತಪ್ಪುವಂತಿಲ್ಲ. ಏಪ್ರಿಲ್‌ನಲ್ಲಿ ನೀರಿನ ಮೇಲೆ ಹಾರಾಡುವ ಮೀಸೆ ರೀವದ ಹೊಟ್ಟೆ ಕಪ್ಪಾಗುತ್ತದೆ, ಬಾಲ ಕುಣಿಸುವ ಹಳದಿ ಕುಂಡೆಕುಸ್ಕ ಹೆಸರಿಗೆ ತಕ್ಕ ಹಳದಿಯಾಗುತ್ತದೆ. ಹೊಸದಾಗಿ ಕಲಿಯುವವರು ಚಳಿಗಾಲಕ್ಕಿಂತ ಈ ತಿಂಗಳುಗಳಲ್ಲಿ ಶುರು ಮಾಡುವುದೇ ಮೇಲು ಎಂದು ನಾನು ಹಟ ಹಿಡಿದು ಹೇಳುತ್ತೇನೆ.

ಎರಡನೆಯದು ನೀರಿನ ಮಾತು. ಅದನ್ನು ಮುಂದೆ ಬರೆದಿದ್ದೇನೆ. ಉಳಿದದ್ದು ಹೊರಡುವ ಗಳಿಗೆಯೇ. ಸಂಜೆ ಬೆಳಕು ಇಳಿಯುವಾಗ ಹಿನ್ನೀರಿನ ಬಾತುಗಳ ಗುಂಪೊಂದು ಕಾರಣವಿಲ್ಲದೆ ಮೇಲೇಳುತ್ತದೆ, ಸುತ್ತು ಹಾಕಿ ಇಳಿಯುತ್ತದೆ, ಮತ್ತೆ ಏಳುತ್ತದೆ. ಹೀಗೆ ಎರಡು ಮೂರು ಸಂಜೆ ನಡೆದು, ನಾಲ್ಕನೆಯ ಬೆಳಿಗ್ಗೆ ಹೋದರೆ ನೀರು ಖಾಲಿ. ಬಹುಪಾಲು ಹಕ್ಕಿಗಳು ರಾತ್ರಿಯೇ ಹೊರಡುತ್ತವೆ. ಹೋದದ್ದನ್ನು ಕಣ್ಣಾರೆ ಕಂಡವರು ಕಡಿಮೆ.

ಯಾವ ಹಕ್ಕಿ ಯಾವಾಗ ಹೊರಡುತ್ತದೆ?

ತಾರೀಖು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ, ಸಾಲು ಮಾತ್ರ ಹೆಚ್ಚು ಕಡಿಮೆ ಇದೇ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದಲ್ಲ, ಅದರ ಬೆನ್ನಿಗೇ ಪಟ್ಟೆತಲೆ ಹೆಬ್ಬಾತುಗಳು ಕಡಿಮೆಯಾಗುತ್ತವೆ. ಮಾರ್ಚ್ ಮುಗಿಯುವುದರೊಳಗೆ ಅವುಗಳ ಗದ್ದಲ ನಿಲ್ಲುತ್ತದೆ. ಸೂಜಿಬಾಲದ ಬಾತುಗಳೂ ಅದೇ ಹೊತ್ತಿನವು. ಬಿಳಿಹುಬ್ಬಿನ ಬಾತು ಮತ್ತು ಚಲುಕದ ಬಾತು ಆರಾಮದವು, ಏಪ್ರಿಲ್‌ನಲ್ಲೂ ಸಿಗುತ್ತವೆ.

ಜಕ್ಕವಕ್ಕಿಗೆ ಒಂದು ಸಾಲು ಹೆಚ್ಚು ಕೊಡಬೇಕು. ಹಳಗನ್ನಡ ಕಾವ್ಯದಲ್ಲಿ ರಾತ್ರಿಯಿಡೀ ಅಗಲಿ ಹೊಳೆಯ ಈ ದಡ ಆ ದಡದಲ್ಲಿ ಕುಳಿತು ಅಳುವ ಚಕ್ರವಾಕ ಜೋಡಿ ಇದೇ ಹಕ್ಕಿ. ಕಿತ್ತಳೆ ಮಿಶ್ರಿತ ಕಂದು ಮೈ, ತಿಳಿ ತಲೆ. ಅಗಲುವುದು ಕವಿಸಮಯ. ನಾನು ಕಂಡ ಜೋಡಿಗಳು ಸಂಜೆಯೂ ಮಗ್ಗುಲಲ್ಲೇ ಮೇಯುತ್ತಿದ್ದವು, ಆದರೆ ಕೂಗು ಮಾತ್ರ ನಿಜವಾಗಿಯೂ ಯಾರನ್ನೋ ಕರೆದಂತೆ ಇದೆ. ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಕಡೆ ಇವು ಮರಿ ಮಾಡುತ್ತವೆ.

ಹೊಲದ ಮೇಲೆ ತೇಲುವ ಸೆಳೆವ ಜಾತಿಯ ಬೇಟೆಹಕ್ಕಿಗಳು ಮಾರ್ಚ್, ಏಪ್ರಿಲ್‌ನಲ್ಲಿ ಖಾಲಿಯಾಗುತ್ತವೆ. ಗುಲಾಬಿ ಕಬ್ಬಕ್ಕಿ ಬಿಳಿಜೋಳದ ರಾಶಿ ಮುಗಿದ ಮೇಲೂ ಬೇವು, ಜಾಲಿ ಗಿಡಗಳಲ್ಲಿ ಕಿಚಿಪಿಚಿ ಮಾಡಿಕೊಂಡು ಏಪ್ರಿಲ್ ನಡುವಿನವರೆಗೆ ಇರುತ್ತದೆ. ಕಡೆಗೆ ಉಳಿಯುವವು ಅಡವಿ ಗದ್ದೆಗೊರವದಂತಹ ಕೆಸರುಗಾಲಿನ ಹಕ್ಕಿಗಳು. ಒಂದಿಷ್ಟು ಮೇ ಮೊದಲ ವಾರವನ್ನೂ ಕಾಣುತ್ತವೆ.

ಹೊರಡುವ ಹೊತ್ತಾಯಿತೆಂದು ಅವಕ್ಕೆ ಹೇಗೆ ತಿಳಿಯುತ್ತದೆ?

ಮುಖ್ಯವಾಗಿ ಹಗಲು ಉದ್ದವಾಗುವುದರಿಂದ. ಬೆಳಕಿನ ಅವಧಿ ಹೆಚ್ಚಿದಂತೆ ಹಕ್ಕಿಯ ದೇಹದೊಳಗಿನ ಗಡಿಯಾರ ಎಚ್ಚರಗೊಂಡು ಹಾರ್ಮೋನುಗಳು ಬದಲಾಗುತ್ತವೆ. ಹಸಿವು ಹೆಚ್ಚುತ್ತದೆ, ತಿಂದದ್ದು ಕೊಬ್ಬಾಗಿ ಎದೆ, ಹೊಟ್ಟೆಯ ಚರ್ಮದಡಿ ಕೂಡುತ್ತದೆ. ಅದೇ ದಾರಿಯ ಬುತ್ತಿ. ಮಾರ್ಚ್‌ನಲ್ಲಿ ಲಿಟಲ್ ಸ್ಟಿಂಟ್ ಎಂಬ, ಇಪ್ಪತ್ತೈದು ಗ್ರಾಂ ತೂಗುವ ಹಕ್ಕಿಯನ್ನು ಅರ್ಧ ಗಂಟೆ ನೋಡಿ. ಹೊಲಿಗೆ ಯಂತ್ರದ ಸೂಜಿಯಂತೆ ಕೆಸರನ್ನು ಕುಟ್ಟುತ್ತಲೇ ಇರುತ್ತದೆ, ತಲೆ ಎತ್ತುವುದಿಲ್ಲ. ಅದು ತಲುಪಬೇಕಾದದ್ದು ಆರ್ಕ್ಟಿಕ್ ವೃತ್ತದಾಚೆಯ ಬಯಲು. ಹೊರಡುವ ದಿನವನ್ನು ಮಾತ್ರ ಗಾಳಿ, ಮೋಡ ನಿರ್ಧರಿಸುತ್ತವೆ.

ಪಟ್ಟೆತಲೆ ಹೆಬ್ಬಾತು ಎವರೆಸ್ಟ್ ಮೇಲೆ ಹಾರುತ್ತದೆ ಎನ್ನುವುದು ನಿಜವೇ?

ಮಕ್ಕಳು ಕೇಳುವ ಪ್ರಶ್ನೆ, ದೊಡ್ಡವರು ಇಲ್ಲದ್ದನ್ನೂ ಸೇರಿಸಿ ಹೇಳುವ ಉತ್ತರ. ಹಿಮಾಲಯ ದಾಟುವುದು ನಿಜ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಆದರೆ ಅವು ಬಹುತೇಕ ಆರು ಸಾವಿರ ಮೀಟರಿಗಿಂತ ಕೆಳಗೇ, ಕಣಿವೆಗಳನ್ನು ಹಿಡಿದು, ಬೆಟ್ಟ ಏರಿದರೆ ತಾವೂ ಏರಿ, ಇಳಿದರೆ ತಾವೂ ಇಳಿದು ಸಾಗುತ್ತವೆ. ಒಮ್ಮೆ ಏರಿ ಮೇಲೆಯೇ ಉಳಿದುಬಿಡುವುದಕ್ಕಿಂತ ಹೀಗೆ ಏರಿಳಿಯುವುದರಲ್ಲೇ ಶಕ್ತಿ ಉಳಿಯುತ್ತದೆ ಎಂದು ಆ ಅಧ್ಯಯನ ಮಾಡಿದವರು ಕಂಡುಕೊಂಡರು. ರಾತ್ರಿ ಮತ್ತು ನಸುಕಿನ ತಣ್ಣನೆಯ, ದಟ್ಟ ಗಾಳಿಯನ್ನೇ ಹೆಚ್ಚು ಬಳಸುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು.

ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಕಾರಂಜಾದಲ್ಲೂ ಪ್ರತಿ ಹೆಬ್ಬಾತಿನ ಕೊರಳನ್ನು ದುರ್ಬೀನಿನಲ್ಲಿ ಹುಡುಕುವುದು ನನ್ನ ಚಟ. ನನಗೆ ಈವರೆಗೆ ಸಿಕ್ಕಿಲ್ಲ. ನಿಮಗೆ ಸಿಕ್ಕರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಮೂರನ್ನೂ ಬರೆದುಕೊಳ್ಳಿ, ಮಸುಕಾದರೂ ಒಂದು ಫೋಟೊ ತೆಗೆಯಿರಿ.

ಜಲಾಶಯ ಬತ್ತುತ್ತಾ ಬಂದರೆ ಹಕ್ಕಿಗಳಿಗೆ ತೊಂದರೆಯಲ್ಲವೇ?

ಇದನ್ನು ಕೇಳುವವರು ತುಂಬಿದ ಜಲಾಶಯವನ್ನು ಕಟ್ಟೆಯ ಮೇಲಿನಿಂದ ನೋಡಿದವರು. ತುಂಬಿದ ಜಲಾಶಯ ಮನುಷ್ಯನಿಗೆ ಚೆಂದ, ಕೆಸರುಗಾಲಿನ ಹಕ್ಕಿಗೆ ನಿರುಪಯೋಗಿ. ಕಾರಂಜಾದ ಸಾಮರ್ಥ್ಯ ಸುಮಾರು 7.7 ಟಿಎಂಸಿ ಅಡಿ. ಹಿಂಗಾರಿಗೆ ನೀರು ಬಿಟ್ಟು, ಬೀದರ್, ಭಾಲ್ಕಿ, ಹುಮನಾಬಾದಿಗೆ ಕುಡಿಯಲು ಕೊಟ್ಟು, ಬಿಸಿಲೂ ತನ್ನ ಪಾಲನ್ನು ಕುಡಿದ ಮೇಲೆ ದಡ ದಿನದಿನವೂ ಒಳಕ್ಕೆ ಸರಿಯುತ್ತದೆ. ನಿನ್ನೆ ನೀರಿನಡಿ ಇದ್ದ ಕೆಸರು ಇಂದು ತೆರೆದುಕೊಳ್ಳುತ್ತದೆ. ಅದರೊಳಗೆ ಹುಳು, ಮರಿಹುಳು, ಸಣ್ಣ ಬಸವನಹುಳು.

ಊಟದ ಪಂಕ್ತಿಯನ್ನು ಗಮನಿಸಿ. ದಡದ ಅಂಚಿಗೆ, ನೀರು ತಾಕಿಯೂ ತಾಕದಂತೆ, ಗಿಡ್ಡ ಕೊಕ್ಕಿನವು. ಎರಡು ಬೆರಳು ನೀರಿನಲ್ಲಿ ಗದ್ದೆಗೊರವಗಳು. ಅದರಾಚೆ ಗುಲಾಬಿ ಕಡ್ಡಿಯಂತಹ ಕಾಲಿನ ಮೆಟ್ಟುಗಾಲು ಹಕ್ಕಿ. ಮೊಳಕಾಲುದ್ದ ನೀರಿನಲ್ಲಿ ಬಣ್ಣದ ಕೊಕ್ಕರೆ ಬಾಯಿ ತೆರೆದು ಮೀನು ಬಂದು ಬೀಳಲೆಂದು ಕಾಯುತ್ತದೆ. ಕೊಕ್ಕು, ಕಾಲಿನ ಉದ್ದಕ್ಕೆ ತಕ್ಕಂತೆ ಜಾಗ ಹಂಚಿಕೆ. ಹಾಗಾಗಿ ಅಷ್ಟೊಂದು ಜಾತಿಗಳು ಜಗಳವಿಲ್ಲದೆ ಒಂದೇ ಕೆಸರಿನಲ್ಲಿ ಉಣ್ಣುತ್ತವೆ. ನೀರು ಇಳಿದಂತೆ ಪಂಕ್ತಿ ಪೂರ್ತಿಯಾಗಿ ಒಳಕ್ಕೆ ಸರಿಯುತ್ತದೆ. ದೀರ್ಘ ಪ್ರಯಾಣಕ್ಕೆ ಮೈ ಕೂಡಿಸಿಕೊಳ್ಳಬೇಕಾದ ತಿಂಗಳಲ್ಲೇ ಉಣ್ಣಲು ಇಷ್ಟು ಕೆಸರು ಸಿಗುವುದು ಅವುಗಳ ಅದೃಷ್ಟ.

ತೊಂದರೆ ಬರುವುದು ಪೂರ್ತಿ ಒಣಗಿದಾಗ, ಅಥವಾ ತೆರೆದ ನೆಲವೆಲ್ಲ ಉಳುಮೆಯಾದಾಗ.

ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ?

ಅಣೆಕಟ್ಟು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಇದೆ, ಆದರೆ ಕಟ್ಟೆಯ ಬಳಿ ನೀರು ಆಳ, ಹಕ್ಕಿ ಕಡಿಮೆ. ಕಟ್ಟೆಯ ಮೇಲೆ ಹೋಗಲು ಅನುಮತಿಯೂ ಬೇಕು. ಹಿನ್ನೀರಿನ ಬಾಲದ ಕಡೆ, ಹಳ್ಳಗಳು ಬಂದು ಸೇರುವ ಓರೆಗಳಿಗೆ ಹೋಗಿ. ಯಾವ ಓರೆ ಎಂಬುದು ಆ ವಾರದ ನೀರಿನ ಮಟ್ಟದ ಮೇಲೆ. ಬಲೆ ಒಣಗಿಸುತ್ತಿರುವ ಮೀನುಗಾರರನ್ನು ಕೇಳಿದರೆ ಯಾವ ನಕಾಶೆಗಿಂತಲೂ ಸರಿಯಾಗಿ ಹೇಳುತ್ತಾರೆ.

ಏಪ್ರಿಲ್‌ನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಹುಟ್ಟುತ್ತಾನೆ. ಅದಕ್ಕೂ ಅರ್ಧ ಗಂಟೆ ಮೊದಲೇ ಸೂರ್ಯನಿಗೆ ಬೆನ್ನಾಗಿ ಕುಳಿತಿರಬೇಕು. ಒಂಬತ್ತರ ಮೇಲೆ ನೆಲದಿಂದ ಝಳ ಎದ್ದು, ದುರ್ಬೀನಿನೊಳಗೆ ಹಕ್ಕಿ ನೀರಿನಲ್ಲಿ ಕಲಸಿದ ಚಿತ್ರದಂತೆ ಅಲ್ಲಾಡುತ್ತದೆ. ಆಗ ಗುರುತಿಸಿದ್ದನ್ನು ನಾನು ಪುಸ್ತಕಕ್ಕೆ ಹಾಕುವುದಿಲ್ಲ.

ಕೆಸರಿನ ಬಗ್ಗೆ ಎಚ್ಚರ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುವ ಎರೆಮಣ್ಣಿನ ಅಡಿ ಹುದುಲು ಇರುತ್ತದೆ. ದನದ ಹೆಜ್ಜೆ ಇಲ್ಲದ ಕಡೆ ನೀವೂ ಹೆಜ್ಜೆ ಇಡಬೇಡಿ. ನನ್ನ ಒಂದು ಚಪ್ಪಲಿ ಇಂದಿಗೂ ಅಲ್ಲೇ ಇದೆ.

ದುರ್ಬೀನು ಬೇಕೇ ಬೇಕೇ? ಎಂತಹದು?

ಬೇಕು. 8×42 ಸಾಕು: ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಎಂದು ಜಾತ್ರೆಯಲ್ಲಿ ಮಾರುವುದನ್ನು ಕೊಂಡರೆ ಕೈನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಮೊಬೈಲಿನಲ್ಲಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹಾಕಿಕೊಂಡು, ಭಾರತದ ಹಕ್ಕಿಗಳ ಕಡತವನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ. ಅದು ಹೇಳಿದ್ದೇ ವೇದವಾಕ್ಯ ಎನ್ನಬೇಡಿ.

ಉಡುಪು, ಊಟ?

ಮಣ್ಣಿನ ಬಣ್ಣದ ಬಟ್ಟೆ, ತಲೆಗೆ ರುಮಾಲು ಅಥವಾ ಟೋಪಿ, ಒಬ್ಬರಿಗೆ ಮೂರು ಲೀಟರ್ ನೀರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ಬಿಸಿಲಿಗೂ ಕೆಡುವುದಿಲ್ಲ. ಬಿಳಿ ಅಂಗಿ ದಯವಿಟ್ಟು ಬೇಡ.

ಹತ್ತಿರದಿಂದ ಫೋಟೊ ತೆಗೆಯುವುದು ಹೇಗೆ?

ಮೊದಲ ವರ್ಷ ನಾನು ಹೆಬ್ಬಾತುಗಳ ಕಡೆ ನೆಟ್ಟಗೆ ನಡೆದುಹೋದೆ. ಇನ್ನೂ ಇನ್ನೂರು ಹೆಜ್ಜೆ ಇರುವಾಗಲೇ ಎಲ್ಲವೂ ಒಮ್ಮೆಗೇ ಎದ್ದು ಆಚೆ ದಡಕ್ಕೆ ಹೋದವು. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ, “ಅವು ಉಣ್ಣುತ್ತಿದ್ದವು” ಎಂದರು. ಅಷ್ಟೇ. ನಾಚಿಕೆಯಿಂದ ನನಗೆ ಮಾತು ಹೊರಡಲಿಲ್ಲ. ಹೊರಡುವ ಮುನ್ನ ಕೂಡಿಸಿಟ್ಟ ಕೊಬ್ಬನ್ನು ನನ್ನ ಒಂದು ಚಿತ್ರಕ್ಕಾಗಿ ಖರ್ಚು ಮಾಡಿಸುವುದು ಯಾವ ನ್ಯಾಯ? ಅಂದಿನಿಂದ ಒಂದೆಡೆ ಕುಳಿತುಬಿಡುತ್ತೇನೆ. ಅಲ್ಲಾಡದೆ ಒಂದು ಗಂಟೆ ಕುಳಿತರೆ ಪಂಕ್ತಿ ತಾನಾಗಿ ನಿಮ್ಮ ಕಡೆ ಸರಿದು ಬರುತ್ತದೆ. ಡ್ರೋನ್ ಹಾರಿಸುವವರೊಡನೆ ನಾನು ಹಕ್ಕಿ ನೋಡಲು ಹೋಗುವುದಿಲ್ಲ.

ಇನ್ನೊಂದು ವಿಷಯ, ಇದು ಮುಖ್ಯ. ವಲಸೆ ಹಕ್ಕಿಗಳು ಹೋಗುವ ಹೊತ್ತಿಗೇ ಇಲ್ಲಿಯ ಹಕ್ಕಿಗಳ ಸಂಸಾರ ಶುರುವಾಗುತ್ತದೆ. ನೀರಿಳಿದು ತೆರೆದ ದಿಬ್ಬಗಳ ಮೇಲೆ ಹೊಳೆಯ ರೀವ, ಚಿಕ್ಕ ಚಿಟವ, ಟಿಟ್ಟಿಭಗಳು ಬರಿ ನೆಲದಲ್ಲಿ ತಗ್ಗು ಮಾಡಿ ಮೊಟ್ಟೆ ಇಡುತ್ತವೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಕಾಣುವುದಿಲ್ಲ. ತಲೆಯ ಮೇಲೆ ಹಕ್ಕಿ ಕಿರುಚುತ್ತ ಎರಗುತ್ತಿದ್ದರೆ ನೀವು ಗೂಡಿನ ನಡುವೆ ನಿಂತಿದ್ದೀರಿ. ಬಂದ ಹೆಜ್ಜೆಯಲ್ಲೇ ಹಿಂತಿರುಗಿ. ತಾಯಿ ಹತ್ತು ನಿಮಿಷ ಎದ್ದರೂ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೆಂದುಹೋಗಬಹುದು. ಹೊಳೆಯ ರೀವ ಈಗ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಅಪಾಯದ ಪಟ್ಟಿಯಲ್ಲಿದೆ. ಜಲಾಶಯದ ಮಟ್ಟ ದಿಢೀರನೆ ಏರಿದರೆ ಗೂಡು ಮುಳುಗುತ್ತದೆ, ಪೂರ್ತಿ ಇಳಿದು ದಿಬ್ಬ ದಡಕ್ಕೆ ಕೂಡಿಕೊಂಡರೆ ನಾಯಿ ಬರುತ್ತದೆ. ಇವೆರಡರ ನಡುವೆ ಅದು ಬದುಕಬೇಕು. ನಾವು ಮೂರನೆಯ ಕಾಟವಾಗುವುದು ಬೇಡ.

ರೈತರು ಹಕ್ಕಿಗಳನ್ನು ಓಡಿಸುತ್ತಾರಲ್ಲ, ನೀವೇಕೆ ತಡೆಯುವುದಿಲ್ಲ?

ಹೊಲ ಅವರದು, ಸಾಲವೂ ಅವರದೇ. ಹೆಬ್ಬಾತುಗಳು ರಾತ್ರಿ ಬಂದು ಎಳೆ ಪೈರನ್ನು ಮೇಯುತ್ತವೆ. ಗುಲಾಬಿ ಕಬ್ಬಕ್ಕಿಗಳು ಹಿಂಡುಗಟ್ಟಿ ಸೀತನಿ (ಎಳೆಗಾಳು) ಹಂತದ ಜೋಳದ ಮೇಲೆ ಇಳಿದರೆ ಕವಣೆ ಬೀಸುವವನ ಕೈ ಸೋಲುತ್ತದೆ. ಅದೇ ಕಬ್ಬಕ್ಕಿಗಳು ಕಡಲೆ ಹೊಲದಲ್ಲಿ ಕಾಯಿಕೊರಕ ಹುಳುವನ್ನು ಹೆಕ್ಕಿ ತಿನ್ನುತ್ತವೆ ಎಂಬುದನ್ನೂ ರೈತರು ಬಲ್ಲರು. ಹೇಳಿಕೊಡಲು ನಗರದಿಂದ ಯಾರೂ ಬರಬೇಕಿಲ್ಲ. ಡಬ್ಬ ಬಡಿದು ಓಡಿಸುವುದು ಬೇರೆ, ಕಾಳಿಗೆ ವಿಷ ಬೆರೆಸುವುದು ಬೇರೆ. ಎರಡನೆಯದನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಬಾತು ಹಿಡಿದು ತಿಂದರೆ ತಪ್ಪೇ? ಮೊದಲೆಲ್ಲ ತಿನ್ನುತ್ತಿದ್ದರು.

ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದನ್ನೂ ಬೇಟೆ ಎಂದೇ ಎಣಿಸುತ್ತಾರೆ. ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶುಸಂಗೋಪನೆ ಇಲಾಖೆಗೆ ಹೇಳಿ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ?

ಒಬ್ಬರೇ ಹೋಗುವುದು ಗಂಡಸರಿಗೂ ಬೇಡ ಎನ್ನುತ್ತೇನೆ: ಹುದುಲು, ಹಾವು, ಬಿಸಿಲು, ಸಿಗದ ಸಿಗ್ನಲ್. ಇಬ್ಬರೋ ಮೂವರೋ ಹೋಗಿ, ಹತ್ತಿರದ ಹಳ್ಳಿಯಲ್ಲಿ ಒಂದು ಮಾತು ಹೇಳಿ ಹೋಗಿ. ನಮ್ಮ ಜೊತೆ ಬರುವವರಲ್ಲಿ ಅತ್ಯಂತ ಚುರುಕು ಕಣ್ಣು ಇರುವುದು ಒಬ್ಬ ನಿವೃತ್ತ ಶಿಕ್ಷಕಿಗೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ದೂರದ ಚುಕ್ಕೆಯನ್ನು ಅವರು ಮೀನು ಡೇಗೆ (ಮೀನು ಹಿಡಿಯುವ ಬೇಟೆಹಕ್ಕಿ) ಎಂದರೆ ಅದು ಮೀನು ಡೇಗೆಯೇ.

ಕಾರಂಜಾ ಬಿಟ್ಟು ಸುತ್ತಮುತ್ತ ಬೇರೆಲ್ಲಿ ಹೋಗಬಹುದು?

ಯಾದಗಿರಿ ಜಿಲ್ಲೆಯಲ್ಲಿ ಸುರಪುರದ ನಾಯಕರ ಕಾಲದ ಬೋನಾಳ ಕೆರೆ. ಜೊಂಡು ಇರುವುದರಿಂದ ಅಲ್ಲಿ ಸಿಗುವ ಹಕ್ಕಿಗಳೇ ಬೇರೆ. ಅದೇ ಜಿಲ್ಲೆಯಲ್ಲಿ ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ. ಕಲಬುರಗಿಯವರಿಗೆ ಹೆರೂರಿನ ಬೆಣ್ಣೆತೊರಾ ಜಲಾಶಯ ಹತ್ತಿರ. ಚಿಂಚೋಳಿ ಕಾಡಿನ ನಡುವಿನ ಚಂದ್ರಂಪಳ್ಳಿ ಜಲಾಶಯಕ್ಕೆ ಹೋದರೆ ನೀರಿನತ್ತ ನೋಡುವಷ್ಟೇ ಹಿಂದಿನ ಮರಗಳತ್ತಲೂ ನೋಡಿ. ದಕ್ಷಿಣದಲ್ಲಿ ಚಳಿಗಾಲ ಕಳೆದ ನವರಂಗ ಹಕ್ಕಿ ಉತ್ತರಕ್ಕೆ ಹೊರಡುವುದೂ ಬೇಸಿಗೆ ಕೊನೆಯಲ್ಲೇ.

ಕಂಡದ್ದನ್ನು ಬರೆದಿಡಬೇಕೇ? ಯಾರಿಗೆ ಬೇಕು ಅದು?

ಬೇಕು; ಮತ್ತು ಇಲ್ಲಿ ನನ್ನದೊಂದು ತಕರಾರು ಇದೆ. ಹೆಬ್ಬಾತು ಬಂದ ಮೊದಲ ದಿನವನ್ನು ಎಲ್ಲರೂ ಬರೆಯುತ್ತಾರೆ, ಪತ್ರಿಕೆಯಲ್ಲೂ ಬರುತ್ತದೆ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದಲೂ. ಫೆಬ್ರುವರಿಯ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆಗೂ ಉತ್ಸಾಹವಿದೆ. ಮಾರ್ಚ್ ನಡುವಿನಿಂದ ದಡ ಖಾಲಿ, ಹಕ್ಕಿಗಳಿಗಿಂತ ಮೊದಲು ನೋಡುವವರೇ ವಲಸೆ ಹೋಗಿರುತ್ತಾರೆ. ಹಾಗಾಗಿ ಹೆಬ್ಬಾತು ಕಾರಂಜಾ ಬಿಟ್ಟ ದಿನ ಯಾವುದೆಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಬಂದ ದಿನವನ್ನು ಒಂದೇ ಭೇಟಿಯಲ್ಲಿ ಬರೆಯಬಹುದು. ಹೋದ ದಿನ ಹಾಗಲ್ಲ. ಇಂದು ಕಂಡ ಹೆಬ್ಬಾತು ಈ ವರ್ಷದ ಕಡೆಯದು ಎಂದು ಇಂದು ಗೊತ್ತಾಗುವುದಿಲ್ಲ. ಮರುವಾರ ಹೋಗಿ, ಅದರ ಮರುವಾರವೂ ಹೋಗಿ, ಬಿಸಿಲಿನಲ್ಲಿ ಎರಡು ಗಂಟೆ ಕುಳಿತು, “ಕಾಣಲಿಲ್ಲ” ಎಂದು ಬರೆದು ಬಂದ ಮೇಲೆ ಮಾತ್ರ ಹಿಂದಿನ ತಾರೀಖಿಗೆ ಅರ್ಥ ಬರುತ್ತದೆ. ನನ್ನ ಪುಸ್ತಕದ ಏಪ್ರಿಲ್ ಪುಟಗಳಲ್ಲಿ ಅತಿ ಹೆಚ್ಚು ಇರುವ ಪದ ಅದೇ. ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಕಂಡ ಎಲ್ಲ ಜಾತಿಗಳನ್ನೂ ಬರೆದು, ಪಟ್ಟಿ ಪೂರ್ಣ ಎಂದು ಗುರುತು ಮಾಡಿ. ಆಗ ನೀವು ಬರೆಯದ ಹಕ್ಕಿಯೂ ಲೆಕ್ಕಕ್ಕೆ ಬರುತ್ತದೆ. ಚಳಿ ಮೊಟಕಾದಂತೆ ಹಕ್ಕಿಗಳು ಬೇಗ ಹೊರಡುತ್ತಿವೆಯೇ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಇರುವುದು ಈ ಖಾಲಿ ದಿನಗಳ ಪಟ್ಟಿಯಲ್ಲೇ. ವಾರಕ್ಕೊಮ್ಮೆ, ಅದೇ ಓರೆ, ಅದೇ ಹೊತ್ತು; ಹೆಚ್ಚಿನದೇನೂ ಬೇಡ.

ಮತ್ತೆ ಯಾವಾಗ ಬರುತ್ತವೆ?

ನೀವು ಅಂದುಕೊಂಡಿದ್ದಕ್ಕಿಂತ ಬೇಗ. ಹೆಬ್ಬಾತಿಗೆ ದೀಪಾವಳಿಯ ಸುತ್ತಮುತ್ತ ಕಾಯಬೇಕು, ಆದರೆ ಹಸಿರು ಗದ್ದೆಗೊರವ, ಅಡವಿ ಗದ್ದೆಗೊರವಗಳಲ್ಲಿ ಅವಸರದವು ಜುಲೈ ಕೊನೆ, ಆಗಸ್ಟ್ ಹೊತ್ತಿಗೇ ಹಳ್ಳದ ಬದಿಯಲ್ಲಿ ಬಾಲ ಕುಣಿಸುತ್ತಿರುತ್ತವೆ. ನಡುವೆ ಮೇ ಕೊನೆಯಿಂದ ಚಾತಕ ಬರುತ್ತದೆ, ಅದು ಮಳೆಯ ಜೊತೆಗಾರ. ಒಳ್ಳೆಯ ಮಳೆಯಾದ ವರ್ಷ ಆಗಸ್ಟ್‌ನಲ್ಲಿ ಹಿನ್ನೀರು ಏರಿ, ನಾವು ಏಪ್ರಿಲ್‌ನಲ್ಲಿ ಕುಳಿತ ಬಂಡೆ ನೀರಿನಡಿ ಹೋಗಿರುತ್ತದೆ. ಕೂರಲು ಬೇರೆ ಜಾಗ ನೋಡಿಟ್ಟುಕೊಳ್ಳಿ.